ಅವಸರದಿಂದ ಹೊರಟ ತಾಯಿ

(ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ ಮಹೋತ್ಸವದ ಪ್ರಬೋಧನೆ – ಆಗಸ್ಟ್ 15. ಶುಭಸಂದೇಶ: ಲೂಕ 1:39-56)



ಮಾತೆ ಮರಿಯಮ್ಮನವರು ಆತ್ಮಶರೀರಗಳೊಡನೆ ಸ್ವರ್ಗಕ್ಕೆ ಸ್ವೀಕೃತರಾದುದನ್ನು ಇಂದು ಕೊಂಡಾಡುತ್ತಿದ್ದೇವೆ. ಇಷ್ಟು ದೊಡ್ಡ ಹಬ್ಬಕ್ಕೆ ಧರ್ಮಸಭೆ ಆರಿಸಿಕೊಂಡಿರುವ ಶುಭಸಂದೇಶವಾದರೋ ಒಂದು ಪ್ರಯಾಣದ ಕಥೆ. ಮರಿಯಮ್ಮನವರು ಬೆಟ್ಟಗುಡ್ಡಗಳ ಸೀಮೆಯಲ್ಲಿದ್ದ ಎಲಿಜಬೇತಮ್ಮನ ಮನೆಗೆ ಅವಸರದಿಂದ ಹೊರಟರು. ಬಾ ಎಂದು ಯಾರೂ ಹೇಳಿ ಕಳುಹಿಸಿರಲಿಲ್ಲ. ವಯಸ್ಸಾದ ಬಂಧು ಗರ್ಭಿಣಿ ಎಂದು ತಿಳಿದದ್ದೇ ಸಾಕಾಯಿತು.

ತುಂಗೆಯ ದಡದ ವಿದ್ಯಾನಗರದಲ್ಲಿ ಬಾಳುವ ನಮಗೆ ಆಗಸ್ಟ್ ತಿಂಗಳ ಅವಸರ ಎಂದರೇನೆಂದು ಗೊತ್ತು. 2019ರಲ್ಲಿ ಈ ಹಬ್ಬಕ್ಕೆ ವಾರವಷ್ಟೇ ಉಳಿದಿದ್ದಾಗ ಹೊಳೆ ಉಕ್ಕಿತು. ವಿದ್ಯಾನಗರದ ತಗ್ಗು ಬೀದಿಗಳು, ಕುಂಬಾರಗುಂಡಿ, ಇಮಾಮ್‌ಬಾಡ, ಎಲ್ಲೆಡೆ ಮನೆಗಳಿಗೆ ನೀರು ನುಗ್ಗಿತು.

ಮೇಲೆ ಗಾಜನೂರು ಅಣೆಕಟ್ಟೆ ಇದೆಯಲ್ಲ ಎಂಬ ಧೈರ್ಯ ನಮ್ಮಲ್ಲಿ ಹಲವರದು. ಆದರೆ ಲಕ್ಕವಳ್ಳಿಯ ಭದ್ರಾ ಜಲಾಶಯ ಸುಮಾರು 71.5 ಟಿ.ಎಂ.ಸಿ. ನೀರು ಹಿಡಿದರೆ, ಗಾಜನೂರು ಹಿಡಿಯುವುದು 3.24 ಟಿ.ಎಂ.ಸಿ. ಮಾತ್ರ. ಮುಂಗಾರಿನ ಮೊದಲ ವಾರಗಳಲ್ಲೇ ಅದು ಸಾಮಾನ್ಯವಾಗಿ ತುಂಬಿಬಿಡುತ್ತದೆ. ಆಮೇಲೆ ಶೃಂಗೇರಿ, ತೀರ್ಥಹಳ್ಳಿಗಳ ಕಡೆ ಸುರಿದ ಮಳೆಯೆಲ್ಲ ಬಂದ ಹಾಗೆಯೇ ಕೆಳಗಿಳಿಯುತ್ತದೆ. ನಮ್ಮ ಅಂಗಳದಲ್ಲಿ ಬಿಸಿಲಿದ್ದರೂ ಘಟ್ಟದ ಮೇಲಿನ ಮಳೆ ನಮ್ಮ ಬಾಗಿಲು ತಟ್ಟಬಹುದು.

ಹೊಳೆ ಏರಿದಾಗ ನಾವೇನು ಮಾಡುತ್ತೇವೆ? ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೇ ಎಂದು ನೋಡಲು ಮಕ್ಕಳನ್ನೂ ಕರೆದುಕೊಂಡು ಹೋಗುತ್ತೇವೆ. ಮಂಟಪ ನೋಡಿ ಬಂದವರು ಪಕ್ಕದ ಮನೆಯ ಅಜ್ಜಿಯನ್ನು ನೋಡಿ ಬಂದೆವೇ? ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಅಂದು ನಮ್ಮ ಮನೆಗಳಲ್ಲಿ ಮೊದಲು ಅಟ್ಟ ಸೇರಿದ್ದು ಟಿ.ವಿ., ಅಕ್ಕಿಮೂಟೆ, ಬೀರುವಿನ ಬಟ್ಟೆ. ಹಾಸಿಗೆ ಹಿಡಿದ ನೆರೆಯವರ ನೆನಪು ಬಂದದ್ದು ನೀರು ಮೊಣಕಾಲಿಗೆ ಬಂದ ಮೇಲೆ.

ಎಲಿಜಬೇತಮ್ಮ ಯಾರು? ವಯಸ್ಸಾದವರು, ಆರು ತಿಂಗಳ ಬಸುರಿ. ಗಂಡನಿಗೆ ಮಾತು ನಿಂತಿತ್ತು. ಕೂಗಿ ಕರೆಯಲೂ ಆಗದ ಮನೆ ಅದು. ಅಂಥ ಮನೆ ನಮ್ಮ ಪ್ರತಿಯೊಂದು ಬೀದಿಯಲ್ಲೂ ಇದೆ. ಧ್ವನಿವರ್ಧಕದಲ್ಲಿ ಎಚ್ಚರಿಕೆ ಕೂಗಿಕೊಂಡು ಹೋಗಬಹುದು. ಆದರೆ ಕೈಹಿಡಿದು ಮೆಟ್ಟಿಲು ಹತ್ತಿಸಲು ನೆರೆಯವರೇ ಬೇಕು.

ಆದುದರಿಂದ ಸಿದ್ಧತೆ ಭಯದ ಕೆಲಸವಲ್ಲ, ಪ್ರೀತಿಯ ಕೆಲಸ. ದೇವರು ಕಾಪಾಡುತ್ತಾರೆಂದು ಕೈಕಟ್ಟಿ ಕೂರುವುದು ವಿಶ್ವಾಸವಲ್ಲ. ನೋವ ನಾವೆ ಕಟ್ಟಿದ್ದು ಮಳೆ ಬರುವ ಮೊದಲು. ನಾವೂ ಇಂದೇ ಮಾಡಬಹುದಾದ ಕೆಲವು ಕೆಲಸಗಳಿವೆ. ರೇಷನ್ ಕಾರ್ಡು, ಆಧಾರ್, ಜ್ಞಾನಸ್ನಾನದ ಪತ್ರ, ದಿನದ ಮಾತ್ರೆಗಳು ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ. ನೀರು ಹೊಸಿಲು ದಾಟುವ ಮೊದಲೇ ಮೇನ್ ಸ್ವಿಚ್ ಆರಿಸೋಣ. ಹರಿಯುವ ನೀರಿಗೆ ನಡೆದಾಗಲಿ, ಬೈಕಿನಲ್ಲಾಗಲಿ ಇಳಿಯುವುದು ಬೇಡ. ಜಿಲ್ಲಾ ವಿಪತ್ತು ಸಹಾಯವಾಣಿ 1077, ತುರ್ತು ಕರೆಯ 112, ಈ ಎರಡು ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆದಿಡೋಣ. ನೀರಿಳಿದ ಮೇಲೂ ಕುಡಿಯುವ ನೀರನ್ನು ಕುದಿಸೋಣ. ಕೆಸರಿನಲ್ಲಿ ಬರಿಗಾಲಲ್ಲಿ ನಡೆದರೆ ಇಲಿಜ್ವರದ ಅಪಾಯವಿದೆ.

ಇವೆಲ್ಲಕ್ಕಿಂತ ಮೊದಲಾಗಿ, ಬಲಿಪೂಜೆ ಮುಗಿಸಿ ಹೋಗುವಾಗ ಪ್ರತಿಯೊಂದು ಕುಟುಂಬವೂ ಒಂದು ಮನೆಯನ್ನು ಆರಿಸಿಕೊಳ್ಳಲಿ. ಅದು ಯಾವ ಜಾತಿ, ಯಾವ ಧರ್ಮದ ಮನೆಯೇ ಆಗಿರಲಿ, ಹೊಳೆ ಅದನ್ನು ಕೇಳಿ ಒಳಗೆ ಬರುವುದಿಲ್ಲ. ಹಬ್ಬದ ಸಿಹಿ ಕೊಟ್ಟು, "ಅಮ್ಮಾ, ರಾತ್ರಿ ನೀರು ಬಂದರೆ ನಾವು ಬರುತ್ತೇವೆ, ನಮ್ಮ ಮಹಡಿಗೆ ಹೋಗೋಣ" ಎಂದು ಹೇಳಿ ಬರೋಣ. ಮಾತು ಕೊಟ್ಟ ಮೇಲೆ ಬೆಟ್ಟದ ಕಡೆ ಮಳೆ ಹಿಡಿದ ದಿನ ಮರೆಯದೆ ಹೋಗಿ ಬಾಗಿಲು ತಟ್ಟೋಣ.

ಸ್ವರ್ಗಕ್ಕೆ ಏರಿಸಲ್ಪಟ್ಟ ತಾಯಿ ಮೊದಲು ಬೆಟ್ಟ ಹತ್ತಿದ್ದು ಮತ್ತೊಬ್ಬರ ಮನೆಗೆ. ಅಲ್ಲಿ ಸುಮಾರು ಮೂರು ತಿಂಗಳು ಉಳಿದರು. ನಮ್ಮ ಮಳೆಗಾಲವೂ ಹೆಚ್ಚುಕಡಿಮೆ ಅಷ್ಟೇ. ಆ ತಾಯಿಯ ಅವಸರವನ್ನು ನಮಗೂ ದಯಪಾಲಿಸೆಂದು ಪ್ರಭುವನ್ನು ಬೇಡೋಣ. ಆಮೆನ್.