ವ್ಯಸನಮುಕ್ತರ ದಾಸೋಹ



ಕುಡಿತವನ್ನು ಬಿಡುವದಕ್ಕಿಂತ ಬಿಟ್ಟುದನ್ನು ಉಳಿಸಿಕೊಳ್ಳುವದೇ ಕಠಿಣವು. 1935ರ ಮೇ ತಿಂಗಳಲ್ಲಿ, ಕೆಲವು ತಿಂಗಳಿಂದ ಕುಡಿತವನ್ನು ತೊರೆದಿದ್ದ ನ್ಯೂಯಾರ್ಕಿನ ಬಿಲ್ ವಿಲ್ಸನ್ನರು ವ್ಯವಹಾರಾರ್ಥವಾಗಿ ಅಮೇರಿಕೆಯ ಅಕ್ರನ್ ಪಟ್ಟಣಕ್ಕೆ ಹೋಗಿದ್ದರು. ಕಾರ್ಯವು ಕೆಟ್ಟು ಹಳೆಯ ಬಯಕೆಯು ಮರುಕಳಿಸಲು, ಅವರು ಪಾನಗೃಹವನ್ನು ಹೊಗದೆ, ಟೆಲಿಫೋನಿನ ಮೂಲಕ ತಮ್ಮಂತೆಯೇ ಬಳಲುವ ಇನ್ನೊಬ್ಬರನ್ನು ಅರಸಿದರು. ಹಾಗೆ ದೊರೆತವರು ಶಸ್ತ್ರವೈದ್ಯರಾದ ಡಾಕ್ಟರ್ ಬಾಬ್ ಸ್ಮಿತ್ತರು. ಈರ್ವರ ಸಂಗದಿಂದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಸಂಘವು ಜನಿಸಿತು. ಕೇಳಿದವರಷ್ಟೇ ಅಲ್ಲ, ಹೇಳಿದವರೂ ಉಳಿದರು.

ಸಂಘದ ಆಡಳಿತವೂ ಈ ತತ್ತ್ವದಂತೆಯೇ ನಡೆದಿರುವದು. ಸೇರುವದಕ್ಕೆ ಶುಲ್ಕವಿಲ್ಲ, ಕುಡಿತವನ್ನು ಬಿಡುವ ಇಚ್ಛೆಯೊಂದೇ ಸಾಕು. ಹೊರಗಿನವರ ದಾನವನ್ನು ಕೊಳ್ಳದೆ, ಸದಸ್ಯರ ಕಾಣಿಕೆಯಿಂದಲೇ ಬಾಡಿಗೆ, ಪುಸ್ತಕಗಳ ವೆಚ್ಚವು ಸಾಗುವದು. ಕಾರ್ಯದರ್ಶಿ, ಕೋಶಾಧಿಕಾರಿಗಳು ಸರದಿಯಂತೆ ಬದಲಾಗುವರು. ಅವರು ಸೇವಕರೇ ಹೊರತು ಒಡೆಯರಲ್ಲ. ಸದಸ್ಯರು ಆಸ್ಪತ್ರೆ, ಸೆರೆಮನೆಗಳಿಗೆ ಹೋಗಿ ತಮ್ಮ ಕಥೆಯನ್ನು ಹೇಳುವರು. ಪತ್ರಿಕೆಗಳಲ್ಲಿ ಹೆಸರನ್ನು ಮೆರೆಸರು.

ನೀಡುವವನು ಮೇಲು, ಪಡೆವವನು ಕೀಳು ಎಂಬ ಭಾವವು ಅಳಿದಲ್ಲಿಯೇ ದಾಸೋಹವು. ವ್ಯಸನಿಯನ್ನು ನಿಂದಿಸುವವರು ಬಹಳ. ಬಿಟ್ಟವನನ್ನು ಕರೆತಂದು ಅವನ ಬದಿಗೆ ಕೂಡಿಸುವವರು ವಿರಳ. ಮಠದ ಪಡಸಾಲೆಯೊಂದು ವಾರಕ್ಕೊಂದು ಸಂಜೆ ಇಂಥವರಿಗೆ ತೆರೆದಿರಲಿ. ಅವರು ಕೊಡುವ ಅಲ್ಪ ಬಾಡಿಗೆಯನ್ನು ಬೇಡವೆನ್ನದಿರಲಿ. ಸ್ವಂತ ಕಾಲಿನ ಮೇಲೆ ನಿಲ್ಲುವದೂ ಅವರ ಔಷಧವೇ.