ಚೌಕಾಸಿಯ ಸುಖ



ಚೌಕಾಸಿಯೆಂದರೆ ಜಿಪುಣತನವೆಂದು ಬಗೆಯುವವರು ಹಿಂದೂಪುರದ ಪೇಟೆಯನ್ನು ಕಂಡವರಲ್ಲ. ಬೆಲ್ಲಕ್ಕೂ ಹುಣಸೆಗೂ ಹೆಸರಾದ ಊರದು. ಮಾಘ ಕಳೆದು ಹೊಸ ಹುಣಸೆ ಬಂದಾಗ ಕಲ್ಯಾಣದುರ್ಗದ ನಾವು ನಾಲ್ಕು ಮನೆಯವರು ಕೂಡಿ ಇಬ್ಬರನ್ನಷ್ಟೇ ಅಲ್ಲಿಗೆ ಕಳುಹುವೆವು. ಎಲ್ಲರೂ ಹೊರಟರೆ ಉಳಿಸಿದ್ದೆಲ್ಲ ಬಸ್ಸಿನ ಪಾಲು! ತೆಲುಗಿನಲ್ಲಿ ಬೆಲೆ ಕೇಳಿ, ಗುಟ್ಟೆಂದು ಕನ್ನಡದಲ್ಲಿ ಆಲೋಚಿಸಿದರೆ, ಅಂಗಡಿಯವರು ಕನ್ನಡದಲ್ಲಿಯೇ ಉತ್ತರ ಕೊಟ್ಟು ನಗುವರು.

ಬೀಜ ತೆಗೆಯದ ಹುಣಸೆ ಅಗ್ಗವೆಂದು ಒಮ್ಮೆ ಹಿಗ್ಗಿ ಕೊಂಡೆವು. ಬೀಜ, ನಾರುಗಳನ್ನು ಬಿಡಿಸಿ ಮತ್ತೆ ತೂಗಿದಾಗ ಅದೇ ದುಬಾರಿಯಾಗಿತ್ತು. ವಿದ್ವಾನ್ ಪದವಿಯ ನಮಗೆ ಅಂದು ಮನೆಯವರು ಗಣಿತ ಕಲಿಸಿದರು.

ಆದರೆ ಬುಟ್ಟಿ ಹೊತ್ತು ಬೀದಿಗೆ ಬರುವ ಸೊಪ್ಪಿನಾಕೆಯೊಡನೆ ಚೌಕಾಸಿ ನಮಗೊಪ್ಪದು. ಆಕೆ ಬಿಡುವ ಎರಡು ರೂಪಾಯಿ ಆಕೆಯ ದಿನದ ಕೂಲಿಯಿಂದಲೇ ಕಳೆಯುವುದು.

ಉಳಿಸಿದ ಹಣವೇನಾಯಿತು? ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೆ ಪಠ್ಯವಲ್ಲದ ಪುಸ್ತಕ ಇಲ್ಲಿ ಸುಲಭವಾಗಿ ದೊರೆಯದು. ರಾಜ್ಯೋತ್ಸವದ ನವೆಂಬರಿನಲ್ಲಿ ಬೆಂಗಳೂರಿನ ಕನ್ನಡ ಪುಸ್ತಕ ಪ್ರಾಧಿಕಾರವು ತನ್ನ ಪ್ರಕಟಣೆಗಳನ್ನು ಅರ್ಧ ಬೆಲೆಗೆ ಮಾರಿದ ವರ್ಷಗಳುಂಟು. ಅಂತಹದೊಂದು ವರ್ಷ ಹುಣಸೆಯಲ್ಲಿ ಉಳಿದ ಹಣದಿಂದ ಒಂದು ಚೀಲ ಪುಸ್ತಕ ತಂದೆವು. ಅಲ್ಲಿ ಚೌಕಾಸಿ ಮಾಡಲಿಲ್ಲ. ನಾಲ್ಕು ಮನೆಗೆ ಹಂಚುವಾಗ ಮಾತ್ರ ಜಗಳವಾಡಿದೆವು.