ಬ್ರಹ್ಮಗಿರಿಯ ಬಂಡೆ, ಟಿಬೆಟನ್ನರ ಅಕ್ಷರಮಾಲೆ

ಚಳಿಗಾಲ ಬಂತೆಂದರೆ ನಮ್ಮ ಊರುಗಳ ಬೀದಿಬದಿಯಲ್ಲಿ ಸ್ವೆಟರ್ ಮಾರುವ ಟಿಬೆಟನ್ನರನ್ನು ನೀವು ನೋಡಿರುತ್ತೀರಿ. ಮುಖಚಹರೆ ಬೇರೆ, ಮಾತು ಬೇರೆ. ಆದರೆ ಅವರು ನಮಗೆ ಪೂರ್ತಿ ಅಪರಿಚಿತರೇ?

ಚಳ್ಳಕೆರೆ ದಾಟಿ ಬಳ್ಳಾರಿಯ ಕಡೆಗೆ ಹೊರಟರೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಸಿಗುತ್ತದೆ. ಅಲ್ಲಿನ ಬಂಡೆಯ ಮೇಲೆ ಕ್ರಿ.ಪೂ. 3ನೆಯ ಶತಮಾನದ ಅಶೋಕನ ಶಾಸನವಿದೆ. ಬಿ.ಎಲ್. ರೈಸ್ ಅದನ್ನು 1892ರಲ್ಲಿ ಬೆಳಕಿಗೆ ತಂದರು. ತಾನು ಬೌದ್ಧ ಉಪಾಸಕನೆನ್ನುವ ಅರಸ, ತಂದೆತಾಯಿಗಳ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆಯಿಡಿ, ಸತ್ಯ ನುಡಿಯಿರಿ ಎಂದು ಅಲ್ಲಿ ತಿಳಿಸುತ್ತಾನೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆದರೆ ಬರೆದವನ ಹೆಸರು ಚಪಡ ಎಂದಾದ ಮೇಲೆ, ‘ಲಿಪಿಕಾರ’ ಎಂಬ ಒಂದೇ ಪದ ಖರೋಷ್ಠಿಯಲ್ಲಿದೆ. ಅದು ದೂರದ ವಾಯವ್ಯ ಪ್ರಾಂತ್ಯದ, ಬಲದಿಂದ ಎಡಕ್ಕೆ ಓದುವ ಲಿಪಿ! ಇಡೀ ಶಾಸನದಲ್ಲಿ ನನಗೆ ಅಚ್ಚುಮೆಚ್ಚಿನ ಪದ ಅದೇ.

ಬ್ರಾಹ್ಮಿಯಿಂದಲೇ ನಮ್ಮ ಕನ್ನಡ ಲಿಪಿ ಬೆಳೆಯಿತು. ಅದರ ಉತ್ತರದ ಕವಲೊಂದು 7ನೆಯ ಶತಮಾನದಲ್ಲಿ ಹಿಮಾಲಯ ದಾಟಿ ಟಿಬೆಟನ್ ಲಿಪಿಯಾಯಿತು. ಬೌದ್ಧ ಗ್ರಂಥಗಳು ಅದರಲ್ಲಿ ಅನುವಾದಗೊಂಡವು. ಟಿಬೆಟನ್ ಮಗು ಇಂದಿಗೂ ಕಲಿಯುವುದು ಕ, ಖ, ಗ, ಙ ಎಂದೇ. ‘ಘ’ ಇಲ್ಲ, ಅಷ್ಟೆ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡಗಳಲ್ಲಿ ನೆಲೆಸಿದ ನಿರಾಶ್ರಿತರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಮುಂದೆ ಸೆರಾ, ಡ್ರೆಪುಂಗ್, ಗಾಂಡೆನ್ ಮಠಗಳನ್ನು ಇಲ್ಲೇ ಮತ್ತೆ ಕಟ್ಟಿದರು. ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರ ನೆರವನ್ನು ದಲೈ ಲಾಮಾ ಹಲವು ಬಾರಿ ನೆನೆದಿದ್ದಾರೆ. ಈಗ ಅಲ್ಲಿನ ಯುವಕರು ಅನೇಕರು ವಿದೇಶಕ್ಕೆ ಹೋಗುತ್ತಿದ್ದಾರೆ. ಶಿಬಿರಗಳ ಶಾಲೆಗಳಲ್ಲಿ ಕ, ಖ, ಗ, ಙ ಹೇಳುವ ಮಕ್ಕಳು ಕಡಿಮೆಯಾಗುತ್ತಿದ್ದಾರೆ.